ರೋಗ, ಏಕಾಕಿತನ, ಕೊಟ್ಟ ಮಾತು: ತ್ರಿವೇಣಿಯವರ ಕಥೆಗಳನ್ನಾಧರಿಸಿದ ಎರಡು ಚಲಚ್ಚಿತ್ರಗಳ ಐತಿಹಾಸಿಕ ಪರಿಶೀಲನೆ

೧

ಇತಿಹಾಸದ ವಿದ್ಯಾರ್ಥಿಯು ಶಾಸನ, ಕೈಫಿಯತ್ತು, ಕಡತ, ವರದಿ ಮೊದಲಾದವುಗಳನ್ನು ಆಕರಗಳೆಂದು ನಿಸ್ಸಂಶಯವಾಗಿ ಒಪ್ಪಿಕೊಳ್ಳುತ್ತಾನೆ. ಚಲಚ್ಚಿತ್ರವನ್ನು ಮಾತ್ರ ವಿರಾಮಕಾಲದ ವಿನೋದವೆಂದು ಬದಿಗಿರಿಸುತ್ತಾನೆ. ಈ ಭೇದವು ಎಲ್ಲ ಸಂದರ್ಭಗಳಲ್ಲಿಯೂ ಸಮರ್ಥನೀಯವಲ್ಲ. ಒಂದು ಆಸ್ಪತ್ರೆಯು ಯಾವ ವರ್ಷ ಸ್ಥಾಪಿತವಾಯಿತು, ಸರ್ಕಾರವು ಅದಕ್ಕೆ ಎಷ್ಟು ಹಣ ಮಂಜೂರು ಮಾಡಿತು, ಎಷ್ಟು ರೋಗಿಗಳು ಗುಣಹೊಂದಿ ಹೊರಬಂದರು ಎಂಬ ಸಂಗತಿಗಳನ್ನು ಕಡತಗಳಿಂದ ತಿಳಿಯಬಹುದು. ಗುಣಹೊಂದಿದವರು ತಮ್ಮ ಮನೆಯ ಹೊಸ್ತಿಲು ದಾಟಿದಾಗ ಒಳಗಿದ್ದವರು ಅವರನ್ನು ಹೇಗೆ ನೋಡಿದರೆಂಬುದನ್ನು ಕಡತಗಳಿಂದ ತಿಳಿಯಲಾಗದು. ಆ ನೋಟಕ್ಕೂ ಒಂದು ಇತಿಹಾಸವುಂಟು. ಅದನ್ನು ಅರಸುವವನು ಕಥೆ, ಕಾದಂಬರಿ, ಚಲಚ್ಚಿತ್ರಗಳ ಕಡೆಗೆ ತಿರುಗಲೇಬೇಕಾಗುತ್ತದೆ.

ಈ ಲೇಖಕನಿಗೆ ಇಂಥ ಆಲೋಚನೆಯನ್ನು ಹುಟ್ಟಿಸಿದುದು ದೂರದ ಫಿನ್ಲೆಂಡ್ ದೇಶದ ಒಂದು ಚಿಕ್ಕ ಚಲಚ್ಚಿತ್ರ. ಒಂಟಿಯಾದ ಒಬ್ಬ ರೋಗಿ, ಬೇರೊಂದು ಊರಿನಲ್ಲಿರುವ ಇನ್ನೊಬ್ಬ ರೋಗಿ, ಅವರಿಬ್ಬರ ನಡುವೆ ಯಾರೂ ನಿರೀಕ್ಷಿಸದ ಪ್ರೀತಿ: ಇಷ್ಟೇ ಅದರ ವಸ್ತು. ಅದನ್ನು ನೋಡಿದ ಬಳಿಕ, ನಮ್ಮ ಕನ್ನಡದಲ್ಲಿ ಇದೇ ವಸ್ತುವನ್ನು ಎಂದಾದರೂ ಗಂಭೀರವಾಗಿ ಎತ್ತಿಕೊಂಡಿದ್ದಾರೆಯೆ, ಎತ್ತಿಕೊಂಡಿದ್ದರೆ ಅದರಿಂದ ನಮ್ಮ ಸಮಾಜದ ಬಗೆಗೆ ಏನು ತಿಳಿಯುತ್ತದೆ ಎಂಬ ಪ್ರಶ್ನೆಗಳು ಎದುರಾದವು. ಉತ್ತರವನ್ನು ಅರಸುತ್ತ ಹೋದಾಗ ದೊರೆತವು ಮಂಡ್ಯದಲ್ಲಿ ಹುಟ್ಟಿದ ಒಬ್ಬ ಲೇಖಕಿಯ ಎರಡು ಕಾದಂಬರಿಗಳು, ಮತ್ತು ಅವುಗಳನ್ನಾಧರಿಸಿದ ಎರಡು ಚಲಚ್ಚಿತ್ರಗಳು: ೧೯೬೭ರ ‘ಬೆಳ್ಳಿಮೋಡ’ ಮತ್ತು ೧೯೭೧ರ ‘ಶರಪಂಜರ’.

ರೋಗವು ಬಂದಾಗ, ಹಿಂದೆ ಕೊಟ್ಟ ಮಾತಿನ ಗತಿಯೇನು ಎಂಬ ಒಂದೇ ಪ್ರಶ್ನೆಯನ್ನು ಈ ಎರಡು ಚಿತ್ರಗಳಿಗೂ ಹಾಕಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಚಿತ್ರಕಲೆಯ ಗುಣದೋಷಗಳ ವಿಮರ್ಶೆ ಇಲ್ಲಿಯ ವಿಷಯವಲ್ಲ.

೨

ಮೊದಲು ಈ ಪ್ರದೇಶದ ಹಿನ್ನೆಲೆಯನ್ನು ಸ್ಥೂಲವಾಗಿ ಅರಿಯುವುದು ಒಳ್ಳೆಯದು. ಪಾಲಹಳ್ಳಿ, ಶ್ರೀರಂಗಪಟ್ಟಣಗಳ ಸುತ್ತಣ ಕಾವೇರಿ ತೀರದಲ್ಲಿ ರೋಗವು ಇತಿಹಾಸದ ಗತಿಯನ್ನೇ ಬದಲಿಸಿದೆ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಅನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯವು ಇಲ್ಲಿಯ ಜ್ವರದ ಬಾಧೆಯನ್ನು ತಾಳಲಾರದೆ ಬೆಂಗಳೂರಿನ ಕಡೆಗೆ ಸರಿಯಿತು. ಬೆಂಗಳೂರಿನ ದಂಡುಪ್ರದೇಶವು ೧೮೦೯ರಲ್ಲಿ ಸ್ಥಾಪಿತವಾದುದಕ್ಕೆ ಇದೂ ಒಂದು ಕಾರಣ. ಸೈನ್ಯಕ್ಕೆ ಹೋಗಲು ಬೇರೆ ಊರಿದ್ದಿತು. ಹೊಲಗದ್ದೆಗಳನ್ನು ನೆಚ್ಚಿದ ರೈತರಿಗೆ ಇರಲಿಲ್ಲ. ಅವರು ಜ್ವರದೊಡನೆಯೇ ಬಾಳಿದರು.

ಕ್ಷಯರೋಗದ ಕಥೆಯು ಇನ್ನೊಂದು ಬಗೆಯದು. ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆರೋಗ್ಯಧಾಮವನ್ನು ಈ ಭಾಗದ ಜನರೆಲ್ಲರೂ ಬಲ್ಲರು. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿಯ ನೆನಪಿಗಾಗಿ ಕಟ್ಟಿಸಿದ ಈ ಸಂಸ್ಥೆಯು ೧೯೨೧ರಲ್ಲಿ ಆರಂಭವಾಯಿತು. ಅರಮನೆಯ ಗೋಡೆಗಳೂ ತಡೆಯಲಾರದ ರೋಗವೆಂದ ಮೇಲೆ ಸಾಮಾನ್ಯರ ಪಾಡನ್ನು ಹೇಳಬೇಕಾಗಿಲ್ಲ. ಆಗ ಕ್ಷಯಕ್ಕೆ ಔಷಧಿಯಿರಲಿಲ್ಲ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ಸಂಪೂರ್ಣ ವಿಶ್ರಾಂತಿ, ಮತ್ತು ಮನೆಯವರಿಂದ ದೂರವಿರುವುದು: ಇವೇ ಚಿಕಿತ್ಸೆ. ರೋಗಿಯನ್ನು ಬೇರ್ಪಡಿಸುವುದು ಅಂದಿನ ವೈದ್ಯಶಾಸ್ತ್ರದ ವಿವೇಕವೇ ಆಗಿದ್ದಿತು, ಅದನ್ನು ಕ್ರೌರ್ಯವೆನ್ನಲಾಗದು.

೧೯೪೩ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟಿತು. ಅನಂತರದ ದಶಕದಲ್ಲಿ ಬೇರೆ ಔಷಧಿಗಳೂ ಬಂದವು. ಈ ವಿಷಯದಲ್ಲಿ ನಮ್ಮ ನೆರೆಯ ಮದರಾಸಿನಲ್ಲಿ ನಡೆದ ಒಂದು ಪ್ರಯೋಗವನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ೧೯೫೬ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಬಡ ರೋಗಿಗಳ ಒಂದು ಗುಂಪಿಗೆ ಆರೋಗ್ಯಧಾಮದಲ್ಲಿಯೂ, ಇನ್ನೊಂದು ಗುಂಪಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಇರಿಸಿಯೂ ಒಂದೇ ಔಷಧಿಯನ್ನು ಒಂದು ವರ್ಷ ಕೊಟ್ಟು ನೋಡಲಾಯಿತು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶವು ವೈದ್ಯಪ್ರಪಂಚವನ್ನು ಚಕಿತಗೊಳಿಸಿತು. ಮನೆಯಲ್ಲಿದ್ದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣಹೊಂದಿದ್ದರು. ಅವರೊಡನಿದ್ದ ಮನೆಮಂದಿಗೆ ರೋಗ ತಗಲುವ ಅಪಾಯವೂ ಅದರಿಂದ ಹೆಚ್ಚಿರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಔಷಧಿ ಸೇವಿಸುತ್ತಿರುವ ರೋಗಿಯನ್ನು ಮನೆಯಿಂದ ದೂರವಿಡುವ ಅಗತ್ಯವಿಲ್ಲವೆಂಬುದು ೧೯೫೯ರಷ್ಟು ಹಿಂದೆಯೇ ಸಿದ್ಧವಾಗಿದ್ದಿತೆಂಬುದು ಇದರ ತಾತ್ಪರ್ಯ.

ಶಾಸ್ತ್ರಕ್ಕೆ ಸಿದ್ಧವಾದುದು ಮನೆಗಳಿಗೆ ಎಂದು ತಲಪಿತು? ಇಲ್ಲಿ ಸ್ವಂತ ಮನೆಯ ಒಂದು ಸಂಗತಿಯನ್ನು ಹೇಳುವುದಕ್ಕೆ ವಾಚಕರು ಅನುಮತಿಯೀಯಬೇಕು. ನಮ್ಮ ಅಜ್ಜಿಯ ತಂಗಿಯನ್ನು ಮಕ್ಕಳಾದ ನಾವು ಚಿಕ್ಕಜ್ಜಿಯೆಂದು ಕರೆಯುತ್ತಿದ್ದೆವು. ಅವರಿಗೆ ಹರೆಯದಲ್ಲಿ ಕ್ಷಯವಾಗಿದ್ದಿತು. ಔಷಧಿಯಿಂದ ಪೂರ್ತಿ ಗುಣವಾಯಿತು; ಆದರೆ ವೀಳ್ಯಶಾಸ್ತ್ರವಾಗಿದ್ದ ಮದುವೆಯು ನಿಂತುಹೋಯಿತು. ಮತ್ತೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವರು ಪಾಲಹಳ್ಳಿಯ ನಮ್ಮ ಮನೆಯಲ್ಲಿಯೇ ಉಳಿದು ಎಲ್ಲರ ಮಕ್ಕಳನ್ನೂ ಎತ್ತಿ ಆಡಿಸಿದರು. ಅವರ ನೀರಿನ ಲೋಟವು ಮಾತ್ರ ಹಿತ್ತಲ ಕಡೆಯ ಕಿಟಕಿಯ ದಂಡೆಯ ಮೇಲೆ ಬೇರೆಯಾಗಿ ಇರುತ್ತಿದ್ದಿತು. ನಾವು ಬುದ್ಧಿ ತಿಳಿದು ನೋಡುವ ಹೊತ್ತಿಗೆ ಹಾಗೆ ಇಡಬೇಕೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಅವರೇ ತೊಳೆದು, ಅವರೇ ಅಲ್ಲಿ ಬೋರಲು ಹಾಕುತ್ತಿದ್ದರು. ಇಂಥ ಲೋಟಗಳು ಬೇರೆ ಮನೆಗಳಲ್ಲಿಯೂ ಇದ್ದಿರಬೇಕು. ಯಾವ ವರದಿಯಲ್ಲಿಯೂ ಅವುಗಳ ಉಲ್ಲೇಖವಿಲ್ಲ.

೩

ತ್ರಿವೇಣಿಯೆಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ ಅವರು ೧೯೨೮ರಲ್ಲಿ ಮಂಡ್ಯದಲ್ಲಿ ಜನಿಸಿದರು. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಮನೆತನಕ್ಕೆ ಸೇರಿದವರು. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ ಪದವಿ ಪಡೆದವರು. ಅವರ ಬರವಣಿಗೆಯಲ್ಲಿ ಮನಸ್ಸಿನ ಬೇನೆಯು ದೆವ್ವದ ಕಾಟವಾಗಿಯೋ ಪೂರ್ವಜನ್ಮದ ಪಾಪವಾಗಿಯೋ ಬಾರದೆ, ಕಾರಣವೂ ಪರಿಹಾರವೂ ಇರುವ ಒಂದು ರೋಗವಾಗಿ ಬರುವುದಕ್ಕೆ ಈ ವ್ಯಾಸಂಗವೇ ಮೂಲ. ೧೯೬೩ರಲ್ಲಿ, ಮೂವತ್ತೈದು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಆ ಅಲ್ಪಾಯುಸ್ಸಿನಲ್ಲಿಯೇ ಸುಮಾರು ಇಪ್ಪತ್ತು ಕಾದಂಬರಿಗಳನ್ನು ರಚಿಸಿದ್ದರು.

ಅವರ ಕಥೆಗಳನ್ನು ತೆರೆಗೆ ತಂದವರಲ್ಲಿ ಅಗ್ರಗಣ್ಯರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರಾದ ಎಸ್.ಆರ್. ಪುಟ್ಟಣ್ಣ ಕಣಗಾಲ್ ಅವರು. ೧೯೬೬ರಲ್ಲಿ ಅವರು ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ‘ಪೂಚ್ಚಕ್ಕಣ್ಣಿ’ ಎಂಬ ಹೆಸರಿನಿಂದ ಮಲಯಾಳದಲ್ಲಿ ನಿರ್ದೇಶಿಸಿದರು. ಮರುವರ್ಷ ಬಂದ ‘ಬೆಳ್ಳಿಮೋಡ’ವು ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ನಾಲ್ಕು ವರ್ಷಗಳ ಅನಂತರ ‘ಶರಪಂಜರ’ ಬಂದಿತು. ಎರಡರಲ್ಲಿಯೂ ನಾಯಿಕೆಯ ಪಾತ್ರವನ್ನು ವಹಿಸಿದವರು ಕಲ್ಪನಾ ಅವರು. ಮೂಲ ಲೇಖಕಿಯು ಈ ಚಿತ್ರಗಳನ್ನು ನೋಡಲಿಲ್ಲ. ಆದಕಾರಣ ಚಿತ್ರದಲ್ಲಿ ಕಾಣುವ ಅಭಿಪ್ರಾಯಗಳನ್ನೆಲ್ಲ ತ್ರಿವೇಣಿಯವರ ಮೇಲೆ ಹೊರಿಸದೆ, ೧೯೬೦ರ ದಶಕದ ಕನ್ನಡ ಸಮಾಜವು ತಾನೇ ತನಗೆ ಹೇಳಿಕೊಂಡ ಕಥೆಗಳೆಂದು ಇವನ್ನು ಪರಿಗಣಿಸುವುದು ಯುಕ್ತ.

೪

‘ಬೆಳ್ಳಿಮೋಡ’ದ ಕಥೆಯು ಸರಳವಾದುದು. ಮಲೆನಾಡಿನ ಶ್ರೀಮಂತ ತೋಟದ ಒಡೆಯರಿಗೆ ಇಂದಿರಾ ಒಬ್ಬಳೇ ಮಗಳು. ಮೋಹನನೆಂಬ ಯುವಕನು ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಲು ಇಂದಿರೆಯ ತಂದೆಯೇ ಹಣವನ್ನೊದಗಿಸುತ್ತಾರೆ. ಇಬ್ಬರಿಗೂ ಮದುವೆಯೆಂದು ಮಾತಾಗುತ್ತದೆ. ಮೋಹನನು ದೂರದಲ್ಲಿರುವಾಗ ಇಂದಿರೆಗೆ ತಮ್ಮನೊಬ್ಬನು ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಹಿಂದಿರುಗಿದ ಮೋಹನನಿಗೆ ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ್ದಾನೆಂದು ತಿಳಿಯುತ್ತಲೇ ಮದುವೆಯಲ್ಲಿ ಆಸಕ್ತಿ ಉಳಿಯುವುದಿಲ್ಲ. ಆ ಬಳಿಕ ಅವನು ಬೆಟ್ಟದಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಅವನ ಶುಶ್ರೂಷೆಯನ್ನು ಮಾಡುವವಳು ಇಂದಿರೆಯೇ. ಹಾಸಿಗೆ ಹಿಡಿದ ದಿನಗಳಲ್ಲಿ ಮೋಹನನ ಮನಸ್ಸು ತಿರುಗುತ್ತದೆ. ತಾನು ಕಳೆದುಕೊಂಡುದು ಏನೆಂಬುದು ಅರಿವಾಗಿ, ಅವನು ಮದುವೆಯ ಮಾತನ್ನು ಮತ್ತೆ ಎತ್ತುತ್ತಾನೆ. ಇಂದಿರೆಯು ಒಪ್ಪುವುದಿಲ್ಲ.

ಇತಿಹಾಸದ ದೃಷ್ಟಿಯಿಂದ ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಆಸ್ತಿಯ ಪ್ರಶ್ನೆ. ಮೈಸೂರು ಸಂಸ್ಥಾನದಲ್ಲಿ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಕಾಯಿದೆಯು ಜಾರಿಗೆ ಬಂದಿದ್ದಿತು. ಈ ವಿಷಯದಲ್ಲಿ ಮೈಸೂರು ಇತರ ಪ್ರಾಂತಗಳಿಗಿಂತ ಮುಂದಿದ್ದಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಾಗಿದ್ದರೂ ೧೯೬೭ರ ಚಿತ್ರದಲ್ಲಿ ತೊಟ್ಟಿಲಿನ ಕೂಸು ಒಂದು ಮದುವೆಯನ್ನು ಮುರಿಯಬಲ್ಲುದು. ಪ್ರೇಕ್ಷಕರಿಗೆ ಇದು ಅಸಂಭವವೆಂದು ತೋರಲಿಲ್ಲ. ಮಗನು ಹುಟ್ಟಿದ ಮೇಲೆ ಆಸ್ತಿ ಮಗನದೆಂಬ ಭಾವನೆಯು ಕಾಯಿದೆಯ ಅಕ್ಷರಗಳಿಗಿಂತ ಬಲವಾಗಿದ್ದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕರ್ನಾಟಕದಲ್ಲಿ ಬಂದುದು ೧೯೯೪ರಲ್ಲಿ. ದೇಶಕ್ಕೆಲ್ಲ ಬಂದುದು ೨೦೦೫ರಲ್ಲಿ. ಇಂದಿರೆಯ ಏಕಾಕಿತನಕ್ಕೆ ತಾಯಿಯ ಸಾವೊಂದೇ ಕಾರಣವಲ್ಲ. ತನ್ನನ್ನು ಬಯಸಿದವನು ತನ್ನ ಪಾಲನ್ನು ಬಯಸಿದ್ದನೆಂಬ ಅರಿವು ಅವಳನ್ನು ಅದಕ್ಕಿಂತಲೂ ಒಂಟಿಯಾಗಿಸುತ್ತದೆ. ಬೆಟ್ಟ, ಮಂಜು, ವಿಶಾಲವಾದ ಬಂಗಲೆಗಳ ಕಪ್ಪುಬಿಳುಪಿನ ದೃಶ್ಯಗಳಲ್ಲಿ ಈ ಒಂಟಿತನವು ಮಾತಿಲ್ಲದೆಯೇ ವ್ಯಕ್ತವಾಗಿದೆ.

ಎರಡನೆಯದು ಶುಶ್ರೂಷೆಯ ಪ್ರಶ್ನೆ. ರೋಗಶಯ್ಯೆಯ ಬಳಿ ಹುಟ್ಟುವ ಪ್ರೀತಿಯು ಕಥೆಗಳಲ್ಲಿ ಹಳೆಯ ಸಾಮಗ್ರಿ. ಸೇವೆ ಮಾಡಿದವಳು ಕೊನೆಗೆ ಮಡದಿಯಾಗುವುದು, ತಪ್ಪು ಮಾಡಿದವನು ಹಾಸಿಗೆಯಲ್ಲಿ ಪರಿಶುದ್ಧನಾಗುವುದು ರೂಢಿಯಾದ ಮುಕ್ತಾಯ. ‘ಬೆಳ್ಳಿಮೋಡ’ವು ಆ ದಾರಿಯಲ್ಲಿ ಕೊನೆಯ ಹೆಜ್ಜೆಯವರೆಗೂ ನಡೆದು, ಅಲ್ಲಿ ನಿಲ್ಲುತ್ತದೆ. ಬಿದ್ದವನನ್ನು ಎತ್ತುವುದು ಮನುಷ್ಯಧರ್ಮ. ಎತ್ತಿದ ಕೈಯನ್ನೇ ಪಾಣಿಗ್ರಹಣಕ್ಕೆ ನೀಡಬೇಕೆಂಬ ಋಣವು ಅದರಿಂದ ಹುಟ್ಟುವುದಿಲ್ಲ. ಇಂದಿರೆಯ ನಿರಾಕರಣೆಯ ಅರ್ಥವು ಇದೇ. ಅದರಲ್ಲಿ ದ್ವೇಷವಿಲ್ಲವೆಂಬುದಕ್ಕೆ ಅವಳು ಮಾಡಿದ ಶುಶ್ರೂಷೆಯೇ ಸಾಕ್ಷಿ. ವರನು ಕನ್ಯೆಯನ್ನು ಒಪ್ಪುವುದೂ ಬಿಡುವುದೂ ವಾಡಿಕೆಯಾಗಿದ್ದ ಕಾಲದಲ್ಲಿ, ಕನ್ಯೆಯೇ ವರನನ್ನು ಬೇಡವೆಂದ ಚಿತ್ರವನ್ನು ಜನರು ಆದರದಿಂದ ನೋಡಿದರೆಂಬುದು ಸಾಮಾಜಿಕ ಇತಿಹಾಸದಲ್ಲಿ ಗುರುತಿಸಬೇಕಾದ ಸಂಗತಿ.

೫

‘ಶರಪಂಜರ’ದಲ್ಲಿ ಸಂದರ್ಭವು ತಿರುಗುಮುರುಗಾಗಿದೆ. ಇಲ್ಲಿ ರೋಗಿಯು ಹೆಂಡತಿ. ಕಾವೇರಿಯೂ ಸತೀಶನೂ ಪ್ರೀತಿಸಿ ಮದುವೆಯಾದವರು. ಎರಡನೆಯ ಹೆರಿಗೆಯ ಅನಂತರ ಕಾವೇರಿಯ ಮನಸ್ಸು ಸ್ತಿಮಿತ ತಪ್ಪುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಅವಳು ಗುಣಹೊಂದಿ ಮನೆಗೆ ಮರಳುತ್ತಾಳೆ. ರೂಢಿಯ ಕಥೆಯು ಇಲ್ಲಿಗೆ ಮುಗಿಯಬೇಕಾಗಿದ್ದಿತು. ‘ಶರಪಂಜರ’ವು ನಿಜವಾಗಿ ಇಲ್ಲಿಂದ ಆರಂಭವಾಗುತ್ತದೆ. ಅವಳು ಕೋಪಗೊಂಡರೆ ಅದು ಹುಚ್ಚು. ನಕ್ಕರೆ ಅದೂ ಹುಚ್ಚು. ಅಡುಗೆಯವರಿಂದ ಹಿಡಿದು ನೆರೆಹೊರೆಯವರ ತನಕ ಎಲ್ಲರೂ ಅವಳನ್ನು ಕಣ್ಣಂಚಿನಲ್ಲಿಯೇ ನೋಡುತ್ತಾರೆ. ಗಂಡನ ಪ್ರೀತಿಯು ಬೇರೊಬ್ಬಳ ಕಡೆಗೆ ಹರಿದಿರುವುದು ತಿಳಿದಾಗ ಅವಳು ಮತ್ತೆ ಕುಸಿಯುತ್ತಾಳೆ. ಬಾಣಗಳ ಪಂಜರವೆಂಬ ಹೆಸರು ಈ ನೋಟಗಳಿಗೇ ಸಲ್ಲುವಂಥದು.

ಪ್ರಸವಾನಂತರದ ಮನೋವಿಕಾರವು ಇಂದು ವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲ, ಚಿಕಿತ್ಸೆಯಿಂದ ಗುಣವಾಗುವ ರೋಗ. ಅಂದೂ ಚಿಕಿತ್ಸೆ ಇಲ್ಲದೆ ಇರಲಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ೧೯೫೪ರಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಗಿದ್ದಿತು. ೧೯೭೪ರಲ್ಲಿ ಎರಡೂ ಒಂದುಗೂಡಿ ಈಗಿನ ನಿಮ್ಹಾನ್ಸ್ ಆಯಿತು. ಭಾರತದ ಹೆಸರಾಂತ ಮನೋರೋಗ ಚಿಕಿತ್ಸಾಲಯವು ಕನ್ನಡ ನಾಡಿನ ರಾಜಧಾನಿಯಲ್ಲಿಯೇ ಇದ್ದಿತು. ಕಾವೇರಿಯನ್ನು ಗುಣಪಡಿಸಲು ಚಿತ್ರದ ವೈದ್ಯರು ಶಕ್ತರಾಗುತ್ತಾರೆಂಬುದನ್ನೂ ನಾವು ಗಮನಿಸಬೇಕು. ಸೋತುದು ವೈದ್ಯವಲ್ಲ, ಸೋತುದು ಮನೆ. ಈ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಕೆಲವು ದಶಕಗಳ ಕಾಲ ಕನ್ನಡಿಗರ ಮಾತಿನಲ್ಲಿ ಅದರ ನಾಯಿಕೆಯ ಹೆಸರು ಬಂದುಹೋಗುತ್ತಿದ್ದಿತು.

ಈಗ ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದರಲ್ಲಿ ಮಾತಿಗೆ ತಪ್ಪಿದ ಗಂಡಸು ಬಿದ್ದಾಗ ಹೆಣ್ಣು ಅವನನ್ನು ಉಪಚರಿಸುತ್ತಾಳೆ. ಎರಡನೆಯದರಲ್ಲಿ ಮಾತಿಗೆ ತಪ್ಪದ ಹೆಣ್ಣು ಬಿದ್ದಾಗ ಗಂಡಸು ಅವಳಿಂದ ಸರಿದುಹೋಗುತ್ತಾನೆ. ಒಬ್ಬಳೇ ಲೇಖಕಿ, ಒಬ್ಬರೇ ನಿರ್ದೇಶಕರು, ಒಬ್ಬರೇ ನಟಿ. ಆದುದರಿಂದ ಈ ವೈಷಮ್ಯವನ್ನು ಆಕಸ್ಮಿಕವೆನ್ನುವುದು ಕಷ್ಟ. ರೋಗಿಯನ್ನು ನೋಡಿಕೊಳ್ಳುವುದು ಹೆಣ್ಣಿನ ಸ್ವಭಾವಸಿದ್ಧ ಕರ್ತವ್ಯ, ಗಂಡಸಿನಲ್ಲಾದರೆ ಅದು ವಿಶೇಷವಾದ ಔದಾರ್ಯ ಎಂಬ ಹಂಚಿಕೆಯು ಅಂದಿನ ಕುಟುಂಬಜೀವನದ ಅಡಿಪಾಯದಲ್ಲಿದ್ದಿತು. ಎರಡು ಚಿತ್ರಗಳನ್ನು ಜೊತೆಗೂಡಿಸಿ ಓದಿದಾಗಲೇ ಇದು ಸ್ಪಷ್ಟವಾಗುವುದು.

೬

ಇದೇ ಪ್ರಶ್ನೆಗೆ ಕಾಯಿದೆಯು ಏನು ಉತ್ತರ ಕೊಟ್ಟಿದ್ದಿತೆಂಬುದನ್ನೂ ನೋಡಬೇಕು. ೧೯೫೫ರ ಹಿಂದೂ ವಿವಾಹ ಕಾಯಿದೆಯು ವಿಚ್ಛೇದನಕ್ಕೆ ಅವಕಾಶ ಕಲ್ಪಿಸಿದಾಗ, ಅದರ ಕಾರಣಗಳಲ್ಲಿ ಈ ರೋಗಗಳೂ ಸೇರಿದ್ದವು: ಮೂರು ವರ್ಷಗಳ ಕಾಲ ಗುಣವಾಗದೆ ಉಳಿದ ಚಿತ್ತವಿಕಲತೆ, ಮತ್ತು ಮೂರು ವರ್ಷಗಳ ಕಾಲದ ಉಗ್ರವೂ ಅಸಾಧ್ಯವೂ ಆದ ಕುಷ್ಠ. ಗಂಡಹೆಂಡಿರಿಬ್ಬರಿಗೂ ಈ ನಿಯಮವು ಸಮಾನವಾಗಿಯೇ ಅನ್ವಯಿಸುತ್ತಿದ್ದಿತು. ಆದರೆ ಸ್ವಂತ ಸಂಪಾದನೆಯಿಲ್ಲದೆ ತವರಿಗೆ ಮರಳಬೇಕಾದ ಹೆಣ್ಣಿಗೂ, ಮರುವರ್ಷವೇ ಇನ್ನೊಂದು ಮದುವೆಯಾಗಬಲ್ಲ ಗಂಡಿಗೂ ಅದರ ಪರಿಣಾಮವು ಸಮಾನವಾಗಿರುವುದು ಸಾಧ್ಯವಿರಲಿಲ್ಲ.

ಕುಷ್ಠರೋಗದ ವಿಷಯವು ವಿಶೇಷವಾಗಿ ಬೋಧಪ್ರದವಾಗಿದೆ. ಸಲ್ಫೋನ್ ವರ್ಗದ ಔಷಧಿಗಳು ೧೯೪೦ರ ದಶಕದಲ್ಲಿಯೇ ಬಳಕೆಗೆ ಬಂದಿದ್ದವು. ‘ಬೆಳ್ಳಿಮೋಡ’ವು ಬಂದ ೧೯೬೭ರಲ್ಲಿಯೇ, ಬಿ.ಎ. ಅರಸುಕುಮಾರ್ ಅವರ ನಿರ್ದೇಶನದಲ್ಲಿ, ರಾಜಕುಮಾರ್ ಮತ್ತು ಕಲ್ಪನಾ ಅಭಿನಯಿಸಿದ ‘ಬಂಗಾರದ ಹೂವು’ ಚಿತ್ರವು ಕುಷ್ಠವನ್ನೂ ಅದಕ್ಕಂಟಿದ ಕಳಂಕವನ್ನೂ ಒಂದು ಪ್ರಣಯಕಥೆಯೊಳಗೆ ತಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠವು ನಿಶ್ಚಿತವಾಗಿ ಗುಣವಾಗುವ ರೋಗವಾಯಿತು. ಆದರೆ ವಿವಾಹದ ಕಾಯಿದೆಯಿಂದ ಕುಷ್ಠವೆಂಬ ಕಾರಣವನ್ನು ತೆಗೆದುಹಾಕಿದುದು ೨೦೧೯ರಲ್ಲಿ. ಔಷಧಿಗೂ ಕಾಯಿದೆಗೂ ನಡುವೆ ಮೂವತ್ತೆಂಟು ವರ್ಷಗಳ ಅಂತರ! ಮನೋರೋಗದ ಉಲ್ಲೇಖವು ೧೯೭೬ರ ತಿದ್ದುಪಡಿಯಲ್ಲಿ ಬೇರೊಂದು ರೂಪವನ್ನು ತಾಳಿ ಇಂದಿಗೂ ಉಳಿದಿದೆ. ಇನ್ನೊಂದು ಕಡೆ, ೧೯೧೨ರ ಹುಚ್ಚರ ಕಾಯಿದೆಯ ಸ್ಥಾನದಲ್ಲಿ ೧೯೮೭ರ ಕಾಯಿದೆಯೂ, ಅದರ ಸ್ಥಾನದಲ್ಲಿ ರೋಗಿಯ ಹಕ್ಕುಗಳನ್ನು ಎತ್ತಿಹಿಡಿಯುವ ೨೦೧೭ರ ಕಾಯಿದೆಯೂ ಬಂದಿವೆ.

ಹೀಗೆ ಮೂರು ಗಡಿಯಾರಗಳು ಮೂರು ವೇಗದಲ್ಲಿ ನಡೆಯುತ್ತಿರುವುದನ್ನು ಕಾಣುತ್ತೇವೆ. ವೈದ್ಯಶಾಸ್ತ್ರದ್ದು ಎಲ್ಲಕ್ಕಿಂತ ಮುಂದೆ; ಕಾಯಿದೆಯದು ಅದರ ಹಿಂದೆ; ಮನೆಯದು ಎಲ್ಲಕ್ಕಿಂತ ಹಿಂದೆ. ರೋಗಿಯ ಏಕಾಕಿತನವು ಈ ಅಂತರದಲ್ಲಿ ಹುಟ್ಟುತ್ತದೆ. ರೋಗವು ನೋವನ್ನು ಕೊಡುತ್ತದೆ; ಒಂಟಿತನವನ್ನು ಕೊಡುವವರು ಸುತ್ತಲಿನವರು.

೭

ಆರಂಭದಲ್ಲಿ ಹೇಳಿದ ಫಿನ್ಲೆಂಡಿನ ಚಿತ್ರಕ್ಕೆ ಈಗ ಬರಬಹುದು. ತೇಮು ನಿಕ್ಕಿಯವರು ನಿರ್ದೇಶಿಸಿದ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಟೈಟಾನಿಕ್ ನೋಡಲು ಬಯಸದ ಕುರುಡ’ ಎನ್ನಬಹುದು. ೨೦೨೧ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆಯಿತು. ನಾಯಕ ಯಾಕ್ಕೊ ಎಂಬವನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ರೋಗದಿಂದ ದೃಷ್ಟಿಯನ್ನೂ ನಡೆಯುವ ಶಕ್ತಿಯನ್ನೂ ಕಳೆದುಕೊಂಡವನು. ಆ ಪಾತ್ರವನ್ನು ವಹಿಸಿದ ಪೇಟ್ರಿ ಪೊಯ್ಕೊಲೈನೆನ್ ಅವರೂ ಅದೇ ರೋಗದಿಂದ ದೃಷ್ಟಿ ಕಳೆದುಕೊಂಡವರೇ. ದೂರದ ಊರಿನ ಸಿರ್ಪಾ ಎಂಬವಳೊಡನೆ ಯಾಕ್ಕೊ ದಿನವೂ ದೂರವಾಣಿಯಲ್ಲಿ ಮಾತನಾಡುತ್ತಾನೆ. ಇಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ. ಅವಳ ರೋಗವು ಉಲ್ಬಣಿಸಿದ ಸುದ್ದಿ ತಿಳಿದಾಗ ಅವನು ಒಬ್ಬನೇ ಹೊರಡುತ್ತಾನೆ. ಮನೆಯಿಂದ ಬಾಡಿಗೆ ಕಾರಿಗೆ, ಕಾರಿನಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ರೈಲಿಗೆ, ರೈಲಿನಿಂದ ಮತ್ತೊಂದು ಕಾರಿಗೆ, ಅಲ್ಲಿಂದ ಅವಳ ಬಳಿಗೆ: ಐದು ಕಡೆ ಐವರು ಅಪರಿಚಿತರು ಕೈಹಿಡಿದರೆ ಸಾಕೆಂಬುದು ಅವನ ಲೆಕ್ಕ. ದಾರಿಯಲ್ಲಿ ಕೈಹಿಡಿಯುವವರೂ ಸಿಗುತ್ತಾರೆ, ಕೈಕೊಡುವವರೂ ಸಿಗುತ್ತಾರೆ. ಚಿತ್ರದ ಉದ್ದಕ್ಕೂ ಯಾಕ್ಕೊವಿನ ಮುಖವೊಂದೇ ಸ್ಪಷ್ಟ, ಉಳಿದುದೆಲ್ಲವೂ ಮಸಕು. ರೋಗಿಯನ್ನು ಲೋಕವು ಹೇಗೆ ನೋಡುತ್ತದೆಂಬುದರ ಬದಲು, ರೋಗಿಗೆ ಲೋಕವು ಹೇಗಿರುತ್ತದೆಂಬುದನ್ನು ನಾವು ಅನುಭವಿಸುತ್ತೇವೆ.

ಫಿನ್ಲೆಂಡಿನಲ್ಲಿ ಸಾರ್ವಜನಿಕ ವೈದ್ಯಸೌಕರ್ಯವು ವ್ಯಾಪಕವಾಗಿದೆ. ಅಲ್ಲಿಯೂ ರೋಗಿಯು ಒಂಟಿಯಾಗಬಲ್ಲನೆಂಬುದನ್ನು ಈ ಚಿತ್ರದಿಂದ ತಿಳಿಯುತ್ತೇವೆ. ನಮ್ಮಲ್ಲಿ ಕಿಕ್ಕಿರಿದ ಮನೆಯೊಳಗಿನ ಒಂಟಿತನ. ಅಲ್ಲಿ ಬರಿದಾದ ಮನೆಯ ಒಂಟಿತನ. ಕಾವೇರಿಯನ್ನು ಕಾಡುವುದು ಅತಿಯಾಗಿ ನೋಡುವ ಕಣ್ಣುಗಳು. ಯಾಕ್ಕೊವಿಗೆ ನೋಡುವವರೇ ಇಲ್ಲ. ಎರಡು ಸಮಾಜಗಳ ಅಂತರವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ದೂರವಾಣಿಯ ಮೂಲಕ ಬೆಳೆಯುವ ಪ್ರೀತಿಯ ಕಥೆಯು ಕನ್ನಡಕ್ಕೂ ಹೊಸದಲ್ಲ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನಾಧರಿಸಿ ಸುನಿಲ್‌ಕುಮಾರ್ ದೇಸಾಯಿಯವರು ೧೯೯೫ರಲ್ಲಿ ನಿರ್ದೇಶಿಸಿದ ‘ಬೆಳದಿಂಗಳ ಬಾಲೆ’ಯಲ್ಲಿ, ಅನಂತನಾಗ್ ಅವರು ವಹಿಸಿದ ಚದುರಂಗ ಆಟಗಾರನ ಪಾತ್ರವು ಒಂದು ದನಿಯನ್ನು ಮಾತ್ರ ಬಲ್ಲುದು. ಆ ದನಿಯ ಒಡತಿಯು ಗುಣವಾಗದ ರೋಗದಿಂದ ಬಳಲುತ್ತಿರುವುದು ಅವನಿಗೆ ತಿಳಿಯದು. ಅವನು ಅವಳನ್ನು ಪತ್ತೆಹಚ್ಚುವ ಹೊತ್ತಿಗೆ ಕಾಲವು ಮೀರಿರುತ್ತದೆ. ಕನ್ನಡದ ಕಥೆಯಲ್ಲಿ ರೋಗಿಯು ತನ್ನ ರೋಗವನ್ನು ಬಚ್ಚಿಟ್ಟು ಪ್ರೀತಿಯನ್ನು ಉಳಿಸಿಕೊಳ್ಳುತ್ತಾಳೆ. ಫಿನ್ಲೆಂಡಿನ ಕಥೆಯಲ್ಲಿ ಇಬ್ಬರೂ ರೋಗವನ್ನು ಹೇಳಿಕೊಂಡೇ ಪ್ರೀತಿಸುತ್ತಾರೆ. ರೋಗವನ್ನು ಮರೆಮಾಚಬೇಕೆಂಬ ಒತ್ತಾಯವು ನಮ್ಮ ಕಲ್ಪನೆಯಲ್ಲಿಯೂ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಇದೊಂದು ನಿದರ್ಶನವೆನ್ನಬಹುದು.

೮

ಚಲಚ್ಚಿತ್ರವನ್ನು ಆಕರವಾಗಿ ಬಳಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಚಿತ್ರವು ನಡೆದುದನ್ನು ಹೇಳುವುದಿಲ್ಲ. ನಡೆಯಬಹುದೆಂದು ಜನರು ನಂಬಿದ್ದುದನ್ನು ಹೇಳುತ್ತದೆ. ಅದನ್ನು ನಿರ್ಮಿಸಿದವರಿಗೆ ಹಣ ಹಿಂದಿರುಗಬೇಕಾಗಿರುವುದರಿಂದ ಪ್ರೇಕ್ಷಕರ ರುಚಿಗೆ ಒಗ್ಗುವ ಮಾತುಗಳು ಅದರಲ್ಲಿ ಸೇರುವುದು ಸ್ವಾಭಾವಿಕ. ‘ಬೆಳ್ಳಿಮೋಡ’, ‘ಶರಪಂಜರ’ಗಳೆರಡೂ ಅನುಕೂಲಸ್ಥ ವರ್ಗದ ಮನೆಗಳ ಕಥೆಗಳು, ಗದ್ದೆಯಲ್ಲಿ ದುಡಿಯುವ ಹೆಣ್ಣು ರೋಗಿಯಾದರೆ ಏನಾಗುತ್ತಿದ್ದಿತೆಂಬುದನ್ನು ಇವುಗಳಿಂದ ತಿಳಿಯಲಾಗದು. ಆದಕಾರಣ ಚಿತ್ರವನ್ನು ಕಾಯಿದೆಯೊಡನೆಯೂ, ಕಾಯಿದೆಯನ್ನು ಆಸ್ಪತ್ರೆಯ ದಾಖಲೆಗಳೊಡನೆಯೂ, ಎಲ್ಲವನ್ನೂ ಮನೆಗಳ ನೆನಪುಗಳೊಡನೆಯೂ ಒರೆಹಚ್ಚಿ ನೋಡಬೇಕು.

ಈ ಕೊನೆಯ ಆಕರವು ಶೀಘ್ರವಾಗಿ ನಶಿಸುತ್ತಿದೆ. ೧೯೫೦ ಮತ್ತು ೬೦ರ ದಶಕಗಳಲ್ಲಿ ಕ್ಷಯ, ಕುಷ್ಠ, ಮನೋರೋಗಗಳಿಂದ ಗುಣಹೊಂದಿ ಮನೆಗೆ ಮರಳಿದವರಲ್ಲಿ ಈಗ ಉಳಿದಿರುವವರು ಬಹಳ ವೃದ್ಧರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಮನೆಗಳ ಹಿರಿಯರಿಂದ, ಅವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಮರೆಮಾಡಿ, ಈ ನೆನಪುಗಳನ್ನು ಬರೆದಿಟ್ಟುಕೊಂಡರೆ ಅದು ಯಾವ ಶಾಸನಸಂಗ್ರಹಕ್ಕೂ ಕಡಿಮೆಯಾದ ಸೇವೆಯಾಗಲಾರದು. ಯಾವ ಮದುವೆಯು ನಿಂತಿತು, ಯಾರು ಕೊಟ್ಟ ಮಾತನ್ನು ಉಳಿಸಿಕೊಂಡರು, ಯಾರ ತಟ್ಟೆಯು ಬೇರೆಯಾಯಿತು, ಎಂದು ಮತ್ತೆ ಒಂದಾಯಿತು ಎಂಬಂಥ ಪ್ರಶ್ನೆಗಳಿಂದ ಆರಂಭಿಸಬಹುದು.

ಚಿಕ್ಕಜ್ಜಿಯವರು ತೀರಿಕೊಂಡು ಹಲವು ವರ್ಷಗಳಾದವು. ‘ಬೆಳ್ಳಿಮೋಡ’ವನ್ನು ಅವರು ನೋಡಿದ್ದರೆ? ವೀಳ್ಯ ಹಿಂದಿರುಗಿಸಿದವರ ಬಗೆಗೆ ಅವರಿಗೆ ಏನೆನಿಸಿದ್ದಿತು? ಇವನ್ನು ಕೇಳಬೇಕೆಂದು ಈ ಲೇಖಕನಿಗೆ ಆಗ ತೋಚಲಿಲ್ಲ. ಇತಿಹಾಸವೆಂದರೆ ದೂರದ ಸಂಗತಿಯೆಂದು ತಿಳಿದಿದ್ದ ವಯಸ್ಸು ಅದು. ಅವರ ಸಾಮಾನುಗಳನ್ನು ತೆಗೆದಿರಿಸುವಾಗ ನಮ್ಮ ತಾಯಿಯವರು ಆ ಲೋಟವನ್ನು ಕಿಟಕಿಯ ದಂಡೆಯಿಂದ ತಂದು, ತೊಳೆದು, ಅಡುಗೆಮನೆಯ ಇತರ ಲೋಟಗಳ ನಡುವೆ ಇಟ್ಟರು. ಇಂದು ಅದನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸಲು ನಮ್ಮಲ್ಲಿ ಯಾರಿಗೂ ಆಗುವುದಿಲ್ಲ.